ಬಲಗಿವಿಗೆ ಓದಿದ ಕತೆಗಳು

ನಾನು ಓದಿದ ಮೊದಲ ಕಾಮಿಕ್ಸಿನ ಮೇಲೆ ಸಾರಿನಪುಡಿಯ ಡಬ್ಬಿ ಕೂತಿತ್ತು. ಡಬ್ಬಿ ಸರಿಸಿದರೆ ಒಬ್ಬ ಮನುಷ್ಯ ಆಕಾಶದಲ್ಲಿ ಹಾರುತ್ತಿದ್ದ; ಅವನು ಎಲ್ಲಿಗೆ ಹೊರಟಿದ್ದಾನೆಂದು ತಿಳಿಯಬೇಕಾದರೆ ಪಕ್ಕದ ಹುಣಸೆಹಣ್ಣಿನ ಜಾಡಿಯನ್ನೂ ಎತ್ತಬೇಕಾಗಿತ್ತು. ಅರಸೀಕೆರೆಯ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ನಮ್ಮ ಬಾಡಿಗೆ ಮನೆ. ಅಪ್ಪ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿದ್ದ. ಪ್ಲಾಟ್‌ಫಾರ್ಮಿನ ಪುಸ್ತಕದಂಗಡಿಯವನು ಮಾರಾಟವಾಗದ ಕಾಮಿಕ್ಸುಗಳ ಮುಖಪುಟವನ್ನಷ್ಟೇ ಹರಿದು ವಾಪಸ್ಸು ಕಳಿಸಿ, ಒಳಗಿನ ಹಾಳೆಗಳನ್ನು ರದ್ದಿಗೆ ಹಾಕುತ್ತಿದ್ದ. ಆ ರದ್ದಿ ಅಪ್ಪನ ಕೈಚೀಲದಲ್ಲಿ ಮನೆಗೆ ಬಂದು, ಅಮ್ಮನ ಕೈಯಲ್ಲಿ ಅಡುಗೆಮನೆಯ ಗೂಡುಗಳಿಗೆ ಹಾಸಾಗುತ್ತಿತ್ತು. ಹೀಗಾಗಿ ನನ್ನ ಬಾಲ್ಯದ ಯಾವ ಕಾಮಿಕ್ಸಿಗೂ ಮುಖಪುಟವಿರಲಿಲ್ಲ, ಎಷ್ಟೋ ಕತೆಗಳಿಗೆ ಕೊನೆಯೂ ಇರಲಿಲ್ಲ. ಒಂದು ಕತೆಯ ಆರಂಭ ಬೇಳೆ ಡಬ್ಬಿಗಳ ಕೆಳಗೆ, ನಡುಭಾಗ ಉಪ್ಪಿನ ಜಾಡಿಯ ಕೆಳಗೆ, ಕೊನೆ ಎಲ್ಲೋ ಮೇಲಿನ ಗೂಡಿನಲ್ಲಿ, ನನ್ನ ಕೈಗೆಟುಕದ ಕಡೆ. ಕತ್ತು ಓರೆ ಮಾಡಿ ಗೂಡಿನೊಳಗೆ ತಲೆ ತೂರಿಸಿ ನಿಂತಿರುತ್ತಿದ್ದ ನನ್ನನ್ನು ತೋರಿಸಿ ಅಜ್ಜಿ, ಅಂದರೆ ಅಪ್ಪನ ಅವ್ವ, ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು:

"ಇಲಿ ಕಾಟ ಇಲಿ ಕಾಟ ಅಂತೀರಲ್ಲ, ನಮ್ಮನೇಲಿ ಲಂಗ ಹಾಕ್ಕೊಂಡಿರೋ ಇಲಿ ಐತೆ ನೋಡ್ರವ್ವ."

ಈಗ ನನ್ನ ಮನೆಯಲ್ಲಿ ಅದಕ್ಕೆಂದೇ ಗಾಜಿನ ಬಾಗಿಲಿನ ಬೀರು ಇದೆ; ಅದರಲ್ಲಿ ಮುಖಪುಟ ಸಮೇತವಾದ ಕಾಮಿಕ್ಸುಗಳಿವೆ. ಹೊಸ ಸೂಪರ್‌ಹೀರೋ ಸೀರಿಯಲ್ಲು ಬಂತೆಂದರೆ ಮೊದಲ ದಿನವೇ ನೋಡುತ್ತೇನೆ, ನೋಡಿ ಬೈಯುತ್ತೇನೆ, ಬೈದು ಮತ್ತೆ ನೋಡುತ್ತೇನೆ. ಮಂಡಿನೋವಿಗೆ ಮಾತ್ರೆ ನುಂಗುವ ವಯಸ್ಸಿನಲ್ಲಿ ಇದೇನಮ್ಮ ನಿನ್ನ ಹುಚ್ಚು ಎಂದು ಮಗಳು ನಗುತ್ತಾಳೆ. ಹಾರುವವರನ್ನು ನೋಡುವುದಕ್ಕೆ ಮಂಡಿ ಯಾಕೆ ಬೇಕು? ಪುಸ್ತಕದಲ್ಲಿದ್ದವನು ಟೀವಿಗೆ ಬಂದಾಗ ಏನೇನು ಕಳೆದುಕೊಂಡ, ಏನು ಗಳಿಸಿದ ಎಂಬುದನ್ನು ಹುಡುಕುವುದೇ ನನಗೆ ಇವತ್ತಿಗೂ ದೊಡ್ಡ ಸುಖ. ಆ ಸುಖಕ್ಕೆ ನನ್ನನ್ನು ಹಚ್ಚಿದವನು ಕ್ಯಾಪ್ಟನ್ ಶರಭ. ಹಗಲೆಲ್ಲ ರೇಡಿಯೋ ರಿಪೇರಿ ಅಂಗಡಿಯಲ್ಲಿ ತಲೆ ತಗ್ಗಿಸಿ ಕೂರುವ ಬಡಕಲು ಮನುಷ್ಯ. ಎಲ್ಲಿ ಯಾರು ಕಷ್ಟದಲ್ಲಿ ಕೂಗಿಕೊಂಡರೂ, ಏಳು ಗುಡ್ಡದ ಆಚೆ ಕೂಗಿಕೊಂಡರೂ, ಅವನ ಕಿವಿಗೆ ಬೀಳುತ್ತಿತ್ತು. ಆಗ ಕೈಯಲ್ಲಿದ್ದುದನ್ನು ಕೆಳಗಿಟ್ಟು ಹಿಂದಿನ ಬಾಗಿಲಿನಿಂದ ಹೊರಟರೆ ಅರ್ಧ ಸಿಂಹ, ಅರ್ಧ ಹಕ್ಕಿ. ಚಿತ್ರಗಾರ ಅವನ ಕಿವಿಯ ಸುತ್ತ ತೆಳುವಾದ ಅಲೆಗಳನ್ನು ಬರೆಯುತ್ತಿದ್ದ, ಅಷ್ಟೇ. ಸಾರಿನಪುಡಿಯ ಕೆಂಪು ಕಲೆಯ ನಡುವೆಯೂ ಆ ಅಲೆಗಳನ್ನು ನೋಡಿದರೆ ನನ್ನ ಮೈ ಜುಮ್ಮೆನ್ನುತ್ತಿತ್ತು.

ಆ ವರ್ಷ ಗೌರಿ ಹಬ್ಬಕ್ಕೆಂದು ತವರಿಗೆ ಬಂದ ನಮ್ಮ ಜಯತ್ತೆ ವಾಪಸ್ಸು ಹೋಗಲಿಲ್ಲ. ಅತ್ತೆ ಅಪ್ಪನ ಒಬ್ಬಳೇ ತಂಗಿ. ಅವಳನ್ನು ಹಗರೆಯಿಂದ ಒಳಗಿರುವ ಒಂದು ಹಳ್ಳಿಗೆ, ತೆಂಗಿನ ತೋಟ, ಗದ್ದೆ, ಕರೆಯುವ ಎಮ್ಮೆಗಳಿದ್ದ ಮನೆಗೆ ಕೊಟ್ಟಿದ್ದರು. ಹಬ್ಬಕ್ಕೆ ಬಂದ ಹೆಣ್ಣುಮಗಳು ಬಾಗಿನ ತೆಗೆದುಕೊಂಡು ಒಂದು ವಾರವಿದ್ದು ಹೊರಡುವುದು ವಾಡಿಕೆ. ಅತ್ತೆ ಮೊದಲು ಜ್ವರ ಎಂದಳು, ಆಮೇಲೆ ಪಿತೃಪಕ್ಷ ಕಳೆಯಲಿ ಎಂದಳು, ದಸರೆ ಬಂತು, ಅದೂ ಹೋಯಿತು. ಬೀದಿಯ ಹೆಂಗಸರು ಸೊಪ್ಪು ಕೊಳ್ಳುವ ನೆಪದಲ್ಲಿ ನಮ್ಮ ಬಾಗಿಲಲ್ಲಿ ನಿಂತು, "ಇನ್ನೂ ಇದ್ದಾಳಾ ನಿಮ್ಮ ಜಯ?" ಎನ್ನತೊಡಗಿದರು. ಅವರಿಗೆ ನಗುತ್ತ ಉತ್ತರ ಕೊಟ್ಟು ಒಳಗೆ ಬಂದ ಅಜ್ಜಿ ಆ ನಗುವನ್ನು ಹೊಸಿಲ ಆಚೆಗೇ ಬಿಟ್ಟು ಬರುತ್ತಿದ್ದಳು. ಹೋಗುವುದಕ್ಕೆ ಯಾಕೆ ಇಷ್ಟವಿಲ್ಲ ಎಂದು ಕೇಳಿದರೆ ಅತ್ತೆ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂರುತ್ತಿದ್ದಳು. ಒಮ್ಮೆ ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಳು. ಅವಳನ್ನು ಕಳಿಸುವುದೋ ಇಟ್ಟುಕೊಳ್ಳುವುದೋ ಎಂಬ ಒಂದೇ ಪ್ರಶ್ನೆ ನಮ್ಮ ಮನೆಯಲ್ಲಿ ಮುದ್ದೆ ಸಾರಿನ ಜೊತೆ ದಿನವೂ ತಟ್ಟೆಗೆ ಬೀಳುತ್ತಿತ್ತು.

ನನಗಂತೂ ಅವಳು ಇರಬೇಕಾಗಿತ್ತು. ಹತ್ತು ವರ್ಷದ ನನ್ನ ಸ್ವಾರ್ಥ ಬಹಳ ಸರಳವಾದದ್ದು: ಮೇಲಿನ ಗೂಡು ಅವಳ ಕೈಗೆ ಎಟುಕುತ್ತಿತ್ತು. ಅಮ್ಮ ಕೊಟ್ಟಿಗೆಯವರ ಮನೆಗೆ ಹಾಲಿಗೆ ಹೋದ ಹೊತ್ತು ನೋಡಿ ಅತ್ತೆ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಹಾಳೆಗಳನ್ನು ಒರೆಸಿ, ನನ್ನ ಕೈಗೆ ಕೊಟ್ಟಳು. ನಾವಿಬ್ಬರೂ ನಡುಮನೆಯ ನೆಲದ ಮೇಲೆ ಅವನ್ನು ಹರಡಿ, ಯಾವ ಹಾಳೆಯ ಮುಂದೆ ಯಾವುದು ಬರುತ್ತದೆಂದು ಜೋಡಿಸಿದೆವು. ಕತೆಗಳಿಗೆ ಕೊನೆ ಸಿಕ್ಕಿತು. ಅತ್ತೆಗೆ ಓದು ನಿಧಾನ, ಅಕ್ಷರ ಕೂಡಿಸುವಷ್ಟರಲ್ಲಿ ಚಿತ್ರ ತಣ್ಣಗಾಗುತ್ತದೆ ಎನ್ನುತ್ತಿದ್ದಳು. ಹಾಗಾಗಿ ನಾನು ಗಟ್ಟಿಯಾಗಿ ಓದುತ್ತಿದ್ದೆ, ಅವಳು ಚಿತ್ರಗಳ ಮೇಲೆ ಬೆರಳಾಡಿಸುತ್ತ ಕೇಳುತ್ತಿದ್ದಳು. ಒಂದು ಸಲ ಇದ್ದಕ್ಕಿದ್ದಂತೆ ಕೇಳಿದಳು:

"ಮಂಜಿ, ಕೂಗಿದೋರ್ದೆಲ್ಲ ಕೇಳ್ಸುತ್ತೆ ಇವನ್ಗೆ, ಸರಿ. ಕೂಗದೇ ಇದ್ದೋರ್ದು?"

"ಕೂಗದೇ ಇದ್ರೆ ಹೆಂಗತ್ತೆ ಕೇಳ್ಸುತ್ತೆ?"

"ಅದೇ ಮತ್ತೆ," ಎಂದು ಅವಳೇ ಹಾಳೆ ತಿರುಗಿಸಿದಳು.

ಅದೇ ದಿನಗಳಲ್ಲಿ ಕ್ಯಾಪ್ಟನ್ ಶರಭ ಟೀವಿಗೆ ಬಂದ. ನಮ್ಮದು ಎರಡು ಪಟ್ಟಿಯ ಬಾಗಿಲಿದ್ದ ಕಪ್ಪುಬಿಳುಪು ಟೀವಿ. ಆಯುಧಪೂಜೆಯಲ್ಲಿ ಅಜ್ಜಿ ಹಚ್ಚಿದ ಕುಂಕುಮ ಅದರ ಹಣೆಯ ಮೇಲೆ ಹಾಗೇ ಇತ್ತು. ಭಾನುವಾರ ಬೆಳಿಗ್ಗೆ ಎಣ್ಣೆ ನೀರು, ಕಣ್ಣಲ್ಲಿ ಇನ್ನೂ ಸೀಗೆಪುಡಿ ಉರಿಯುತ್ತಿರುವಾಗಲೇ ಶೀರ್ಷಿಕೆಯ ಹಾಡು ಶುರುವಾಗುತ್ತಿತ್ತು. ತಟ್ಟೆಯಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಮೊದಲ ಕಂತು ನೋಡಿ ನಾನು ಅತ್ತೇಬಿಟ್ಟೆ. ರೆಕ್ಕೆ ಎಂದರೆ ಮಂಚದ ಹೊದಿಕೆ, ಅದರ ಅಂಚಿನ ಹೊಲಿಗೆಯೂ ಕಾಣುತ್ತಿತ್ತು. ಕಿವಿಯ ಸುತ್ತ ಅಲೆಗಳ ಬದಲು ಒಂದು ಸಣ್ಣ ಬಲ್ಬು, ಯಾರಾದರೂ ಕೂಗಿಕೊಂಡರೆ ಅದು ಹೊತ್ತಿ ಸೈಕಲ್ ಬೆಲ್ಲಿನಂತೆ ಟ್ರಿಣ್ ಎನ್ನುತ್ತಿತ್ತು. ಆದರೆ ಅತ್ತೆಗೆ ಪುಸ್ತಕದವನಿಗಿಂತ ಟೀವಿಯವನೇ ಇಷ್ಟವಾದ. ಆ ನಟ ದೂರದ ಕೂಗು ಕೇಳುವಾಗ ಮುಖ ಪಕ್ಕಕ್ಕೆ ತಿರುಗಿಸಿ ಒಂದೇ ಕಿವಿಯನ್ನು ಮುಂದೆ ಕೊಡುತ್ತಿದ್ದ. ಪುಸ್ತಕದಲ್ಲಿ ಹಾಗೆ ಎಲ್ಲೂ ಇಲ್ಲ ಎಂದು ನಾನು ಜಗಳಕ್ಕೆ ನಿಂತರೆ, "ಇವನು ಸರಿಯಾಗಿ ಕೇಳಿಸ್ಕೊಳ್ತಾನೆ, ನಿನ್ ಪುಸ್ತಕದೋನ್ಗೆ ಏನ್ ಗೊತ್ತು" ಎನ್ನುತ್ತಿದ್ದಳು. ಮಾತೆಲ್ಲ ಹಿಂದಿಯಲ್ಲಿ, ಸ್ಕೂಲಿನ ಅರೆಬರೆ ಹಿಂದಿಯಲ್ಲಿ ನಾನು ಅರ್ಥ ಹೇಳುತ್ತಿದ್ದೆ, ಗೊತ್ತಾಗದ ಕಡೆ ನಾನೇ ಹುಟ್ಟಿಸುತ್ತಿದ್ದೆ. ಅತ್ತೆ ಸೌಂಡು ಏರಿಸುತ್ತಿದ್ದಳು, ರಾತ್ರಿಪಾಳಿ ಮುಗಿಸಿ ಮಲಗಿದ್ದ ಅಪ್ಪ ಕೋಣೆಯಿಂದ ಗದರುತ್ತಿದ್ದ. ಅತ್ತೆ ತಿರುಗಿಯೂ ನೋಡುತ್ತಿರಲಿಲ್ಲ. ಆ ಕೋಣೆ ಅವಳ ಎಡಗಡೆಗಿತ್ತು.

ಅಪ್ಪ ಕೆಟ್ಟ ಮನುಷ್ಯನಲ್ಲ. ಸಿಟ್ಟು ಬಂದರೆ ಅವನ ಮಾತು ನಿಲ್ಲುತ್ತಿತ್ತು, ನೀರಿನ ಲೋಟ ಕೆಳಗಿಡುವ ಸದ್ದಿನಿಂದಲೇ ನಾವು ಅಳತೆ ಮಾಡಬೇಕಾಗಿತ್ತು. ತಂಗಿ ತಾನು ಕರೆದರೂ ಓಗೊಡುವುದಿಲ್ಲ, ಕೇಳಿಯೂ ಕೇಳದಂತೆ ಕೂರುತ್ತಾಳೆ ಎಂಬುದು ಅವನ ಮನಸ್ಸಿನಲ್ಲಿ ಗಂಟಾಗಿ ಕೂತಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಅಮ್ಮನ ಹತ್ತಿರ ಹೇಳಿದ್ದು ಇಷ್ಟೇ:

"ಗಂಡನ ಮನೇಲೂ ಹಿಂಗೇ ಮಾಡಿರ್ತಾಳೆ. ಅವನು ಎಷ್ಟು ದಿನ ಸಹಿಸ್ಕೊಂಡಾನು?"

ಅಮ್ಮ ಮಜ್ಜಿಗೆ ಬಡಿಸುತ್ತ, ಅತ್ತೆ ಕೂತಿದ್ದ ಕಡೆ ಒಮ್ಮೆ ನೋಡಿದಳು. ಲೋಟ ನೆಲಕ್ಕೆ ಬಡಿದ ಸದ್ದಿಗೆ ಹಿತ್ತಲಿನ ಬೆಕ್ಕು ಓಡಿತು.

ನಿಜ ಸಂಗತಿ ನನಗೆ ಗೊತ್ತಾದದ್ದು ಬಚ್ಚಲೊಲೆಯ ಮುಂದೆ. ಓದುವಾಗೆಲ್ಲ ಅತ್ತೆ ನನ್ನನ್ನು ತನ್ನ ಬಲಕ್ಕೇ ಕೂರಿಸಿಕೊಳ್ಳುತ್ತಿದ್ದಳು. ಅದು ಅವಳ ಅಭ್ಯಾಸ ಎಂದಷ್ಟೇ ನಾನು ತಿಳಿದಿದ್ದೆ. ಅವತ್ತು ಹಂಡೆಗೆ ಸೌದೆ ತಳ್ಳುತ್ತಿದ್ದ ಅವಳ ಬಲಕ್ಕೆ ಹೊಗೆ ತುಂಬಿತ್ತು ಎಂದು ನಾನು ಎಡಕ್ಕೆ ಕೂತು ಓದಿದೆ. ಒಂದು ಪುಟ ಪೂರ್ತಿ ಓದಿದೆ. ಶರಭ ಸಮುದ್ರದ ತಳದ ಗವಿಗೆ ಇಳಿದ, ಬಾಗಿಲು ಮುಚ್ಚಿಕೊಂಡಿತು, ನಾನು ದಮ್ಮು ಕಟ್ಟಿ ನಿಲ್ಲಿಸಿದೆ. ಅತ್ತೆ ನನ್ನ ಕಡೆ ತಿರುಗಿ, "ಓದೇ, ಯಾಕೆ ಸುಮ್ನೆ ಕೂತಿದೀಯಾ?" ಎಂದಳು. ನಾನು ನಗುತ್ತಾಳೆಂದು ಕಾದೆ. ಅವಳು ನಗಲಿಲ್ಲ. ನನ್ನ ಮುಖ ನೋಡಿ ಅವಳಿಗೇ ಗೊತ್ತಾಗಿಹೋಯಿತು.

"ನಿಮ್ ಮಾವ ಒಂದ್ಸಲ ಕೈ ಬೀಸಿದ್ರು," ಎಂದಳು. "ಎಮ್ಮೆ ಹಗ್ಗ ಬಿಚ್ಕೊಂಡು ಗದ್ದೆಗೆ ಹೋಗಿತ್ತು ಅಂತ. ಅವತ್ತಿಂದ ಈ ಕಡೆ ಬರೀ ರೈಲು ಹೋದಂಗೆ ಕೇಳ್ಸುತ್ತೆ. ಬಾಕಿದ್ದೇನೂ ಇಲ್ಲ. ಕರೆದಾಗ ಕೇಳ್ಸಲ್ವಲ್ಲ, ಬೇಕೂಂತ ಮಾಡ್ತೀಯಾ ಅಂತ ಅದಕ್ಕೂ ಬೀಳ್ತವೆ."

"ಅಪ್ಪಂಗೆ ಹೇಳತ್ತೆ."

"ಬೇಡ ಕಣೇ. ನೀನೂ ಹೇಳ್ಬೇಡ. ಹೇಳಿದ್ಮೇಲೂ ಅಣ್ಣ ಸುಮ್ನೆ ಇದ್ಬಿಟ್ರೆ? ಆಮೇಲೆ ನಾನು ಯಾರ್ನ ನೆಚ್ಕೊಂಡಿರ್ಲಿ?"

ಆ ಮಾತು ನನಗೆ ಆಗ ಅರ್ಥವಾಗಲಿಲ್ಲ. ದೊಡ್ಡವಳಾದ ಮೇಲೆ ಅರ್ಥವಾಗಿ, ಎಷ್ಟೋ ದಿನ ಅನ್ನ ರುಚಿಸಲಿಲ್ಲ. ಹೇಳದೇ ಇರುವಷ್ಟು ದಿನ, ಹೇಳಿದರೆ ಅಣ್ಣ ಬರುತ್ತಾನೆ ಎಂಬ ನಂಬಿಕೆಯಾದರೂ ಅವಳದಾಗಿ ಉಳಿದಿತ್ತು. ನಾನು ದೇವರ ಗೂಡಿನ ಮುಂದೆ ಆಣೆ ಇಟ್ಟೆ. ಅಲ್ಲಿಂದ ಮುಂದೆ ಮನೆಯಲ್ಲಿ ಯಾರು ಅವಳನ್ನು ಎಡದಿಂದ ಕರೆದರೂ ನಾನು ಓಡಿ ಹೋಗಿ ಸೆರಗು ಜಗ್ಗುತ್ತಿದ್ದೆ. ಸಂಜೆ ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಅತ್ತೆಯ ಕಿವಿಗೆ ಬಿಡುವಾಗ, ಶೀತದ ಕಿವಿನೋವು ಎಂದು ಅತ್ತೆ ಹೇಳುವಾಗ, ನಾನು ಬೇರೆ ಕಡೆ ನೋಡುತ್ತಿದ್ದೆ.

ದೀಪಾವಳಿ ಹತ್ತಿರವಾಗುತ್ತಿದ್ದಂತೆ ಅರಸೀಕೆರೆಗೆ ಕೊಬ್ಬರಿ ತಂದಿದ್ದ, ಅತ್ತೆಯ ಗಂಡನ ಊರಿನ ಒಬ್ಬ ಹಿರಿಯ ನಮ್ಮ ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ಮಾವ ಹೇಳಿ ಕಳಿಸಿದ್ದನ್ನು ಹೇಳಿದ.

"ಹಬ್ಬದೊಳಗೆ ಅಣ್ಣನಾದೋನು ತಾನೇ ಕರ್ಕೊಂಬಂದು ಬಿಟ್ರೆ ಸರಿ. ಇಲ್ದಿದ್ರೆ ಅವ್ಳು ಅಲ್ಲೇ ಇರ್ಲಿ, ನಾನು ಬ್ಯಾರೆ ದಾರಿ ನೋಡ್ಕೋತೀನಿ ಅಂದವ್ರೆ. ಇದ್ದಿದ್ದು ಇದ್ದಂಗೆ ಹೇಳ್ದೆ, ತಪ್ಪು ತಿಳ್ಕೋಬ್ಯಾಡಿ."

ಅವನು ಹೋದ ಮೇಲೆ ಅಜ್ಜಿ ನಡುಮನೆಯ ಮಧ್ಯೆ ನಿಂತು ಅಪ್ಪನಿಗೆ ಹೇಳಿದಳು:

"ಕೇಳಿಸ್ತೇನ್ಲಾ? ಈ ಭಾನುವಾರವೇ ಕರ್ಕೊಂಡ್ ಹೋಗು. ಆ ಪೆಟ್ಗೆ ಮುಂದೆ ಕೂತು ಹಾರಾಡೋರ್ನ ನೋಡ್ಕೊಂಡು ಮನೆ ಮಠ ಮರ್ತವ್ಳೆ ಇವ್ಳು."

"ಅತ್ತೆ, ಜಯನ್ನೂ ಒಂದ್ ಮಾತು ಕೇಳಿ," ಎಂದು ಅಮ್ಮ ಬಾಗಿಲ ಮರೆಯಿಂದ ಅಜ್ಜಿಗೆ ಅಂದದ್ದು ಯಾರಿಗೂ ಬೇಕಾಗಲಿಲ್ಲ. ಅಪ್ಪ ಟೀವಿಯ ಬಾಗಿಲುಗಳನ್ನು ಎಳೆದು ಮುಚ್ಚಿದ. ಗೂಡಿನಲ್ಲಿದ್ದ, ನಾವು ಜೋಡಿಸಿದ ಹಾಳೆಗಳನ್ನು ಬಾಚಿ ತೆಗೆದು ಬಚ್ಚಲೊಲೆಯ ಪಕ್ಕಕ್ಕೆ ಹಾಕಿದ. ಮಾರನೆಯ ದಿನದ ನೀರು ಅದರಲ್ಲೇ ಕಾಯಿತು. ನಾನು ಸ್ನಾನ ಮಾಡುವುದಿಲ್ಲ ಎಂದು ಹಟ ಹಿಡಿದೆ, ಬೆನ್ನಿಗೆ ಎರಡು ಬಿತ್ತು, ಆ ನೀರಿನಲ್ಲೇ ಸ್ನಾನವೂ ಆಯಿತು.

ಆ ಭಾನುವಾರದ ಕಂತು ನಾವಿಬ್ಬರೂ ವಾರವೆಲ್ಲ ಉಸಿರು ಹಿಡಿದು ಕಾದಿದ್ದ ಕಂತು. ಹಿಂದಿನ ವಾರ ಶರಭನನ್ನು ಸದ್ದೇ ನುಗ್ಗದ ಉಕ್ಕಿನ ಕೋಣೆಯಲ್ಲಿ ಕೂಡಿಹಾಕಿ ನಿಲ್ಲಿಸಿಬಿಟ್ಟಿದ್ದರು. ಪುಸ್ತಕದಲ್ಲಿ ಅವನು ಹೇಗೆ ಹೊರಬಂದನೆಂದು ನನಗೆ ಗೊತ್ತಿತ್ತು, ಟೀವಿಯವರು ಅದನ್ನು ಹೇಗೆ ಕೆಡಿಸುತ್ತಾರೆಂದು ನೋಡಬೇಕಾಗಿತ್ತು. ಅದರ ಬದಲು ನಾನು ಲಂಗ ಬ್ಲೌಸು ತೊಟ್ಟು ಬಾಗಿಲಲ್ಲಿ ನಿಂತಿದ್ದೆ. ಗಂಡನ ಮನೆಗೆ ಹೊರಟ ಹೆಣ್ಣಿನ ಜೊತೆಗೆ ತವರಿನ ಒಂದು ಹೆಣ್ಣುಮಗು ಹೋಗಲಿ ಎಂದು ಅತ್ತೆ ಕೇಳಿಕೊಂಡಿದ್ದಳು. ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅಮ್ಮ ಮಣೆ ಹಾಕಿ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಎಲೆ ಅಡಿಕೆ ತುಂಬಿದಳು. ಅತ್ತೆ ಅದನ್ನು ಸೆರಗಿನಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಂದಿಷ್ಟು ಅಕ್ಕಿ ಮಣೆಯ ಮೇಲೆ ಬಿತ್ತು. ಅಜ್ಜಿ ಹೊರಗೆ ಬರಲೇ ಇಲ್ಲ.

ಜಾವಗಲ್ ಮೇಲೆ ಹೋಗುವ ಬಸ್ಸು ನಮ್ಮನ್ನು ಹಳೇಬೀಡಿನಲ್ಲಿ ಇಳಿಸಿತು. ಹಗರೆಗೆ ನೇರ ಬಸ್ಸು ಆ ಹೊತ್ತಿಗಿರಲಿಲ್ಲ, ಅಲ್ಲಿಂದ ಬೇಲೂರಿಗೆ ಇನ್ನೊಂದು ಬಸ್ಸು, ಬೇಲೂರಿನಿಂದ ಹಗರೆಗೆ ಮತ್ತೊಂದು. ಬೇಲೂರು ಬಸ್ಸಿಗೆ ಹೊತ್ತಿತ್ತು. ಅಪ್ಪ ಬೀಡಿ ಹಚ್ಚಿಕೊಂಡು ಬಸ್‌ಸ್ಟ್ಯಾಂಡಿನಲ್ಲೇ ನಿಂತ. ಎದುರಿಗೇ ದೇವಸ್ಥಾನ, ಒಂದು ಸುತ್ತು ಹಾಕಿ ಬರುತ್ತೇವೆಂದು ಅತ್ತೆ ನನ್ನ ಕೈ ಹಿಡಿದು ಹೊರಟಳು. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಇತ್ತು. ಚಪ್ಪಲಿ ಬಿಟ್ಟು ಜಗಲಿ ಹತ್ತಿದರೆ ಕಲ್ಲು ಕಾಲಿಗೆ ತಣ್ಣಗೆ ತಗುಲಿತು. ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಕುದುರೆ, ಮತ್ತೂ ಮೇಲೆ ಕತೆಯ ಸಾಲು. ನಾನು ಅದಕ್ಕೂ ಮೊದಲು ಅಲ್ಲಿಗೆ ಬಂದಿದ್ದೆ, ಆದರೆ ಕಾಮಿಕ್ಸ್ ಓದಲು ಕಲಿತ ಮೇಲೆ ಬಂದದ್ದು ಅದೇ ಮೊದಲು. ನಿಂತಲ್ಲೇ ಕೂಗಿಬಿಟ್ಟೆ. ಚೌಕಟ್ಟು ಇಲ್ಲ ಎನ್ನುವುದು ಬಿಟ್ಟರೆ ಎಲ್ಲವೂ ಅದೇ: ಒಂದೇ ಮನುಷ್ಯ ಮತ್ತೆ ಮತ್ತೆ ಬರುತ್ತಾನೆ, ಪ್ರತಿ ಸಲವೂ ಬೇರೆ ಏನನ್ನೋ ಮಾಡುತ್ತಿರುತ್ತಾನೆ. ಡಬ್ಬಿ ಸರಿಸುವ ಗೊಡವೆಯಿಲ್ಲದ ಕತೆ. ನಾನು ಯುದ್ಧ ಕೆತ್ತಿದ್ದ ಸಾಲೊಂದರ ಎಡತುದಿಯಲ್ಲಿ ನಿಂತು, ಪುಸ್ತಕದಂತೆ ಎಡದಿಂದ ಬಲಕ್ಕೆ ಓದತೊಡಗಿದೆ.

"ಇವ್ರೆಲ್ಲ ಸತ್ತು ಬಿದ್ದವ್ರೆ. ಆಮೇಲೆ ಎದ್ದು ನಿಂತ್ಕೊಂಡ್ರು. ಬಾಣ ಎಲ್ಲ ಬಿಲ್ಲಿಗೆ ವಾಪಸ್ ಬಂತು. ಆಮೇಲೆ ರಥ ಹತ್ಕೊಂಡು ಎಲ್ಲಾರೂ..." ನನಗೇ ಗೊಂದಲವಾಯಿತು. "ಎಲ್ಲಾರೂ ಮನೆಗೆ ಹೋದ್ರು."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಗೌರಿ ಹಬ್ಬದಿಂದೀಚೆಗೆ ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ.

"ದಡ್ಡಿ, ಇದು ನಿನ್ ಪುಸ್ತಕ ಅಲ್ಲ ಕಣೇ. ದೇವಸ್ಥಾನದ ಗೋಡೇನ ಪ್ರದಕ್ಷಿಣೆ ಬರ್ತಾ ಓದ್ಬೇಕು. ಬಲಗೈ ಕಡೆ ಗೋಡೆ ಇಟ್ಕೊಂಡು ಮುಂದಕ್ಕೆ ಹೋಗ್ತಾ ಇದ್ರೆ ಕತೆಯೂ ಮುಂದಕ್ಕೆ ಹೋಗುತ್ತೆ. ಮೊದ್ಲು ರಥ, ಆಮೇಲೆ ಬಾಣ, ಆಮೇಲೆ ಬೀಳೋದು."

ಆಮೇಲೆ ನಗು ನಿಲ್ಲಿಸಿ ಬಿದ್ದವರ ಮೇಲೆ ಕೈಯಿಟ್ಟು, "ನೀನು ಓದಿದ್ದೇ ಚೆನ್ನಾಗಿತ್ತು," ಎಂದಳು.

ನಾವು ಸರಿಯಾದ ದಿಕ್ಕಿನಲ್ಲಿ ಹೊರಟೆವು. ಗೋಡೆಗೂ ಅವಳಿಗೂ ನಡುವೆ, ಅವಳ ಬಲಕ್ಕೆ, ನಾನು. ಎಡಕ್ಕೆ ಬಯಲು. ಮೂಲೆಗಳು ಒಂದಾದ ಮೇಲೊಂದು ತಿರುಗುತ್ತಲೇ ಇದ್ದವು, ಪ್ರತಿ ಮೂಲೆಯಾಚೆಗೂ ಹೊಸ ಜನ. ನಾನು ಓದುತ್ತಿದ್ದೆ, ಅವಳು ತಲೆಬಾಗಿಸಿ ಕೇಳುತ್ತಿದ್ದಳು. ಅಷ್ಟರಲ್ಲಿ ಅಪ್ಪ ಹುಲ್ಲಿನ ಮೇಲೆ ಬೇಗ ಬೇಗ ಬರುತ್ತಿರುವುದು ನನಗೆ ಕಂಡಿತು.

"ಜಯಾ, ಬೇಲೂರ್ ಬಸ್ ಬಂತು. ಬಾ."

ಅತ್ತೆ ಗೋಡೆಯ ಆನೆಯೊಂದರ ಸೊಂಡಿಲು ಮುಟ್ಟುತ್ತಿದ್ದಳು.

"ಜಯಾ! ಬಸ್ ನಿಲ್ಲಲ್ಲ, ಬಾ ಅಂದ್ನಲ್ಲ!"

ಅತ್ತೆ ಇನ್ನೊಂದು ಹೆಜ್ಜೆ ಮುಂದಿಟ್ಟಳು. ದೂರದಲ್ಲಿ ಬೇಲೂರು ಬೇಲೂರು ಎಂದು ಕಂಡಕ್ಟರ್ ಕೂಗುತ್ತಿದ್ದ. ಅಪ್ಪನ ಮುಖ ಕಪ್ಪಾಯಿತು. ತಿಂಗಳುಗಟ್ಟಲೆ ನುಂಗಿಕೊಂಡಿದ್ದ ಸಿಟ್ಟೆಲ್ಲ ಕಾಲಿಗೆ ಬಂದಂತೆ ಜಗಲಿ ಹತ್ತಿ ಬಂದ. ನಾನು ಅವಳ ಸೆರಗು ಜಗ್ಗುವಷ್ಟರಲ್ಲಿ ಹಿಂದಿನಿಂದ ಅವಳ ಎಡ ಹೆಗಲಿಗೆ ಕೈ ಹಾಕಿದ.

ಅತ್ತೆ ತಿರುಗಲಿಲ್ಲ. ಇದ್ದಲ್ಲೇ ಕುಸಿದು, ಎರಡು ಕೈಯಿಂದಲೂ ಎಡಗೆನ್ನೆ ಮುಚ್ಚಿಕೊಂಡು, ಗೋಡೆಗೆ ಅಂಟಿಕೊಂಡು ಕೂತುಬಿಟ್ಟಳು. "ತಪ್ಪಾಯ್ತು, ಕೇಳಿಸ್ಲಿಲ್ಲ, ತಪ್ಪಾಯ್ತು," ಎಂದಳು. ಯಾರಿಗೆ ಹೇಳುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ಮಡಿಲಕ್ಕಿಯೆಲ್ಲ ಕಲ್ಲಿನ ಮೇಲೆ ಚೆಲ್ಲಿತು, ಬೆಲ್ಲದಚ್ಚು ಉರುಳಿ ಹುಲ್ಲಿಗೆ ಬಿತ್ತು. ಅಪ್ಪನ ಕೈ ಗಾಳಿಯಲ್ಲೇ ನಿಂತಿತು. ದೇವರ ಮುಂದೆ ಇಟ್ಟ ಆಣೆಯನ್ನು ನಾನು ದೇವರ ಗೋಡೆಯ ಮುಂದೆಯೇ ಮುರಿದೆ.

"ಅಪ್ಪ, ಆ ಕಡೆ ಕಿವಿ ಕೇಳ್ಸಲ್ಲ ಅತ್ತೆಗೆ. ಮಾವ ಹೊಡೆದಿದ್ದು. ನೀನು ಯಾವಾಗ್ಲೂ ಆ ಕಡೆಯಿಂದ್ಲೇ ಕರೀತೀಯಾ."

ಅಪ್ಪ ನನ್ನನ್ನು ನೋಡಲಿಲ್ಲ. ಕೈ ಕೆಳಗಿಳಿಸಿ, ಅವಳ ಎಡಗಡೆ ಕುಕ್ಕರಗಾಲಿನಲ್ಲಿ ಕೂತು, ಮೆಲ್ಲಗೆ, "ಜಯಾ," ಎಂದ. ಅವಳು ಮುಖ ಎತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅದೇ ದನಿಯಲ್ಲಿ ಇನ್ನೊಮ್ಮೆ ಕರೆದ. ಆಮೇಲೆ ಎದ್ದು, ಚೆಲ್ಲಿದ ಅಕ್ಕಿ ತುಳಿಯದಂತೆ ಸುತ್ತಿ ಬಂದು, ನನ್ನನ್ನು ಸರಿಸಿ ಅವಳ ಬಲಗಡೆ ಕೂತ.

"ಜಯಾ."

"ಏನಣ್ಣ?"

ಅಪ್ಪ ಕೆಳಗೆ ಬಿದ್ದ ಅಕ್ಕಿಯನ್ನು ಎರಡು ಕೈಯಿಂದಲೂ ಬಾಚಿ ತನ್ನ ಟವೆಲ್ಲಿಗೆ ಹಾಕಿಕೊಳ್ಳತೊಡಗಿದ. ಬೇಲೂರು ಬಸ್ಸು ಹಾರ್ನ್ ಹಾಕಿ ಹೊರಟುಹೋಯಿತು. ಆ ಹೊತ್ತಿಗೆ ಟೀವಿಯಲ್ಲಿ ಶರಭ ಉಕ್ಕಿನ ಕೋಣೆಯಿಂದ ಹೊರಗೆ ಬರುತ್ತಿದ್ದಿರಬೇಕು. ಆ ಕಂತು ಈಗ ಎಲ್ಲೂ ಸಿಗುವುದಿಲ್ಲ. ಎಷ್ಟೋ ಕಡೆ ಹುಡುಕಿದ್ದೇನೆ, ನನ್ನಂಥ ಹುಚ್ಚರನ್ನೆಲ್ಲ ಕೇಳಿದ್ದೇನೆ. ಸಿಕ್ಕಿದ್ದರೆ ಬೈಯುವುದಕ್ಕೆ ಬೇಕಾದಷ್ಟು ಇರುತ್ತಿತ್ತು ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ನಾವು ವಾಪಸ್ಸು ಬಂದಾಗ ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಬೀದಿಯ ತುದಿಯಲ್ಲಿ ನಮ್ಮನ್ನು ಕಂಡವಳೇ ಮೊರ ಪಕ್ಕಕ್ಕಿಟ್ಟು ಎದ್ದು, ಬಾಗಿಲಿನ ಎರಡು ತೋಳಿಗೂ ಕೈಕೊಟ್ಟು ಹೊಸಿಲಿಗೆ ಅಡ್ಡ ನಿಂತಳು. ಅಮ್ಮ ಅವಳ ಬೆನ್ನ ಹಿಂದೆ ಬಂದು ನಿಂತಳು.

"ಮಡಿಲು ತುಂಬಿ ಕಳ್ಸಿದ್ ಹೆಣ್ಣು ಅದೇ ದಿನ ತವರಿನ ಹೊಸಿಲು ತುಳೀಬಾರ್ದು. ಯಾಕ್ಲಾ ಕರ್ಕೊಂಡ್ ಬಂದೆ? ಬಸ್ ಇರ್ಲಿಲ್ವಾ?"

"ಬಸ್ಸಿತ್ತು," ಎಂದ ಅಪ್ಪ. "ಅವಳು ಹೋಗಲ್ಲ ಅವ್ವ. ಹೊಡೆದು ಕಿವಿ ಕೆಡಿಸಿದ್ದಾನೆ ಅವನು. ಒಂದು ಕಿವಿ ಕೇಳಿಸೋದೇ ಇಲ್ಲ ಅವಳಿಗೆ."

ಅಜ್ಜಿ ಬೆಚ್ಚಿಬೀಳುತ್ತಾಳೆಂದು ನಾನು ಅಂದುಕೊಂಡಿದ್ದೆ. ಅವಳು ಬೆಚ್ಚಲಿಲ್ಲ.

"ನಂಗೊತ್ತಿಲ್ವೇನ್ಲಾ? ದಿನಾ ಎಣ್ಣೆ ಬಿಡ್ತಿದ್ದೋಳು ನಾನು. ಶೀತ ಯಾವ್ದು, ಏಟು ಯಾವ್ದು ಅಂತ ನಂಗ್ ಗೊತ್ತಾಗಕಿಲ್ವಾ?"

"ಗೊತ್ತಿದ್ದೂ ಕಳಿಸ್ದ್ಯಾ?"

"ಇನ್ನೇನ್ ಮಾಡ್ಬೇಕಿತ್ತು? ನಂಗೂ ಒಂದ್ ಕಿವಿ ಕೇಳ್ಸಾಕಿಲ್ಲ. ನಿಮ್ಮಪ್ಪನೇ ಹೊಡ್ದಿದ್ದು, ನೀನಿನ್ನೂ ತೊಟ್ಲಲ್ಲಿದ್ದೆ. ನಾನು ಬಾಳಾಟ ಮಾಡ್ಲಿಲ್ವಾ? ನಿಮ್ಮಿಬ್ರನ್ನೂ ಸಾಕ್ಲಿಲ್ವಾ? ಒಂದ್ ಕಿವಿಲೇ ಎಲ್ಲಾ ಕೇಳಿಸ್ಕೊಂಡ್ ಇರ್ಲಿಲ್ವಾ?"

ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿ ನೋಡಿದರು. ಅಮ್ಮ ಬಾಯಿಗೆ ಕೈ ಒತ್ತಿಕೊಂಡಳು. ಅತ್ತೆ ತಲೆ ತಗ್ಗಿಸಿಯೇ ನಿಂತಿದ್ದಳು. ಅಪ್ಪ ಅಕ್ಕಿಯ ಟವೆಲ್ಲನ್ನು ಎದೆಗೆ ಒತ್ತಿ ಹಿಡಿದುಕೊಂಡು ಅಜ್ಜಿಯ ಮುಖದ ಒಂದು ಪಕ್ಕವನ್ನು ನೋಡಿದ, ಆಮೇಲೆ ಇನ್ನೊಂದು ಪಕ್ಕವನ್ನು ನೋಡಿದ. ಹುಟ್ಟಿದಂದಿನಿಂದ ಜೊತೆಗಿದ್ದವನಿಗೆ ಗೊತ್ತಿರಲಿಲ್ಲ.

"ಯಾವ್ ಕಿವಿ ಅವ್ವ?" ಎಂದು ಕೇಳಿದ.

ಅಜ್ಜಿಯ ಕೈಗಳು ಬಾಗಿಲಿನಿಂದ ಜಾರಿದವು.

"ಈಗ ಕೇಳ್ತೀಯಲ್ಲೋ ಮಗ," ಎಂದಳು, ಮತ್ತು ಅತ್ತೆ ಒಳಗೆ ಹೋಗುವಷ್ಟು ಪಕ್ಕಕ್ಕೆ ಸರಿದು ನಿಂತಳು.